ಮಾಸ್ಕೋದ ಮನೇಜ್: ಕಂಬವಿಲ್ಲದ ಕವಾಯತು ಸಭಾಂಗಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಸ್ಕೋಗೆ ಹೋದವರೆಲ್ಲ ಕ್ರೆಮ್ಲಿನ್ ನೋಡುತ್ತಾರೆ, ಕೆಂಪು ಚೌಕ ನೋಡುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿರುವ ಒಂದು ಉದ್ದನೆಯ ಕಟ್ಟಡವನ್ನು ಮಾತ್ರ ಗಮನಿಸದೆ ದಾಟಿಬಿಡುತ್ತಾರೆ. ಅದಕ್ಕೆ ಗೋಪುರವಿಲ್ಲ, ಚಿನ್ನದ ಗುಮ್ಮಟವಿಲ್ಲ. ಕಟ್ಟಡಗಳ ಬಗ್ಗೆ ಒಲವಿರುವವರು ನೋಡಲೇಬೇಕಾದ ಜಾಗ ಅದು ಎಂದು ನಾನು ನಂಬಿದ್ದೇನೆ. ಹಾಗಾಗಿ ಅದರ ವಿನ್ಯಾಸ ಮತ್ತು ನಿರ್ಮಾಣದ ಬಗ್ಗೆ ಓದುಗರಲ್ಲಿ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿ ಉತ್ತರಿಸಿದ್ದೇನೆ.

ಮನೇಜ್ ಎಲ್ಲಿದೆ? ಅದು ಏನು?

ಕ್ರೆಮ್ಲಿನ್ ಕೋಟೆಯ ಪಶ್ಚಿಮ ಗೋಡೆಗೆ ತಾಗಿದಂತೆ ಅಲೆಕ್ಸಾಂಡರ್ ಉದ್ಯಾನವಿದೆ. ಅದರ ಆಚೆ ಬದಿಯಲ್ಲಿ, ಮಾಸ್ಕೋ ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಎದುರಿಗೆ, ಮನೇಜ್ ಇದೆ. 1817ರಲ್ಲಿ ಸೈನಿಕರ ಕವಾಯತಿಗೆಂದೇ ಕಟ್ಟಿದ ಸಭಾಂಗಣ ಇದು. ಈಗ ವಸ್ತುಪ್ರದರ್ಶನ, ಕಲಾಪ್ರದರ್ಶನಗಳು ನಡೆಯುತ್ತವೆ. ಅದರ ಮುಂದಿರುವ ಚೌಕಕ್ಕೂ ಅದರಿಂದಲೇ ಮನೇಜ್ ಚೌಕ ಎಂಬ ಹೆಸರು ಬಂದಿದೆ.

ಮನೇಜ್ ಎಂದರೆ ಕುದುರೆ ಸವಾರಿ ಕಲಿಸುವ ಜಾಗವಲ್ಲವೇ?

ಪದದ ಮೂಲ ಅರ್ಥ ಅದೇ. ಆದರೆ ಕಟ್ಟಿದ ಹೊಸದರಲ್ಲಿ ಇದನ್ನು ಮನೇಜ್ ಎಂದು ಕರೆಯುತ್ತಿರಲಿಲ್ಲ. ಜರ್ಮನ್ ಭಾಷೆಯಿಂದ ಎರವಲು ಪಡೆದ ಎಕ್ಸರ್ಸೀರ್‌ಹೌಸ್ ಎಂಬ ಹೆಸರು ಬಳಕೆಯಲ್ಲಿತ್ತು. ಕನ್ನಡದಲ್ಲಿ ನೇರವಾಗಿ ಕವಾಯತು ಮನೆ ಎನ್ನಬಹುದು. ಇದು ಕಾಲಾಳುಗಳು ಸಾಲುಗಟ್ಟಿ ಹೆಜ್ಜೆ ಹಾಕುವುದಕ್ಕೆಂದು ಕಟ್ಟಿದ್ದು. ಮನೇಜ್ ಎಂಬ ಹೆಸರು ಕೆಲವು ವರ್ಷಗಳ ನಂತರ ಅಂಟಿಕೊಂಡಿತು.

ಕವಾಯತಿಗೆ ಬಯಲು ಸಾಲದೇ? ಚಾವಣಿ ಏಕೆ ಬೇಕಿತ್ತು?

ಮಾಸ್ಕೋದ ಚಳಿಗಾಲವನ್ನು ನೆನಪಿಸಿಕೊಳ್ಳಿ. ನವೆಂಬರಿನಿಂದ ಮಾರ್ಚ್‌ವರೆಗೆ ನೆಲ ಹಿಮದಡಿಯಲ್ಲಿರುತ್ತದೆ. ಅಷ್ಟು ತಿಂಗಳು ಸೈನಿಕರು ಸಾಲು ಹಿಡಿಯದೆ ಕುಳಿತರೆ ಕಲಿತದ್ದೆಲ್ಲ ಮರೆತುಹೋಗುತ್ತದೆ ಎಂಬ ಚಿಂತೆ ಅಂದಿನ ಎಲ್ಲ ಉತ್ತರದೇಶಗಳ ಸೇನೆಗಳಿಗೂ ಇತ್ತು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಹದಿನೆಂಟನೆಯ ಶತಮಾನದಲ್ಲೇ ಇಂಥದೊಂದು ದೊಡ್ಡ ಕವಾಯತು ಮನೆ ಎದ್ದಿತ್ತು. ರಷ್ಯಾದ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನಿಗಂತೂ ಪೆರೇಡ್ ಎಂದರೆ ವಿಪರೀತ ಆಸಕ್ತಿ. ಸಾಲು ಒಂದು ಗೆಣ್ಣು ಓರೆಯಾದರೂ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಇದಕ್ಕೆ ತಕ್ಷಣದ ಕಾರಣವೂ ಇತ್ತು. 1812ರಲ್ಲಿ ನೆಪೋಲಿಯನ್ ಮಾಸ್ಕೋ ಹೊಕ್ಕಾಗ ಎದ್ದ ಬೆಂಕಿಯಲ್ಲಿ ನಗರದ ಬಹುಪಾಲು ಸುಟ್ಟುಹೋಯಿತು. ಐದು ವರ್ಷಗಳ ನಂತರ, ವಿಜಯದ ಐದನೆಯ ವರ್ಷಾಚರಣೆಗೆಂದು, ಚಕ್ರವರ್ತಿ ತನ್ನ ಆಸ್ಥಾನದೊಂದಿಗೆ ಪೀಟರ್ಸ್‌ಬರ್ಗಿನಿಂದ ಮಾಸ್ಕೋಗೆ ಬಂದು ಚಳಿಗಾಲವನ್ನು ಅಲ್ಲೇ ಕಳೆದ. ಜೊತೆಗೆ ಅಂಗರಕ್ಷಕ ದಳಗಳೂ ಬಂದವು. ಆ ದಳಗಳಿಗೆ ಚಳಿಗಾಲದ ಕವಾಯತಿಗೆ ಜಾಗ ಬೇಕು, ಅರಮನೆಯ ಹತ್ತಿರವೇ ಬೇಕು, ವರ್ಷ ಮುಗಿಯುವುದರೊಳಗೆ ಬೇಕು. ಆ ಅವಸರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಬೆಲೆ ತೆರಬೇಕಾಗಿ ಬಂತು.

ನಡುವೆ ನಾಲ್ಕು ಕಂಬ ಇದ್ದಿದ್ದರೆ ಏನಾಗುತ್ತಿತ್ತು?

ಇಡೀ ಕಟ್ಟಡ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಆ ಕಾಲದ ಕಾಲಾಳುಗಳು ಭುಜಕ್ಕೆ ಭುಜ ತಾಗಿಸಿ, ಅಗಲವಾದ ಸಾಲಿನಲ್ಲಿ ಮುಂದೆ ಸಾಗುತ್ತಿದ್ದರು. ಯುದ್ಧರಂಗದಲ್ಲಿ ಅವರ ಬಲವಿದ್ದದ್ದೇ ಆ ಮುರಿಯದ ಸಾಲಿನಲ್ಲಿ. ಸಾಲಿನ ದಾರಿಯಲ್ಲಿ ಒಂದೇ ಒಂದು ಕಂಬ ಅಡ್ಡ ಬಂದರೂ ಇಬ್ಬರು ಸೈನಿಕರು ಸುತ್ತಿ ಹೋಗಬೇಕು. ಅವರು ಸುತ್ತಿದರೆ ಪಕ್ಕದವರು ತಡೆಯಬೇಕು, ಹಿಂದಿನ ಸಾಲು ಮುಗ್ಗರಿಸಬೇಕು. ಸಾಲು ತಿರುಗುವಾಗ ತೊಂದರೆ ಇನ್ನೂ ಹೆಚ್ಚು: ಒಂದು ತುದಿಯ ಸೈನಿಕ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರೆ ಮತ್ತೊಂದು ತುದಿಯವನು ದೊಡ್ಡ ಕಮಾನಿನಂತೆ ಸುತ್ತಿ ಬರುತ್ತಾನೆ. ಆ ಬೀಸಿಗೆ ಅಡ್ಡಿಯಿಲ್ಲದ ನೆಲ ಬೇಕು.

ದೇವಸ್ಥಾನದಲ್ಲೋ ಅರಮನೆಯಲ್ಲೋ ಕಂಬಗಳ ಸಾಲೇ ಸೊಗಸು. ಕವಾಯತು ಮನೆಯಲ್ಲಿ ಅದೇ ದೋಷ. ಇಲ್ಲಿ ವಿನ್ಯಾಸಕಾರ ಒದಗಿಸಬೇಕಾದದ್ದು ಖಾಲಿ ಜಾಗವನ್ನು. ಗೋಡೆ, ಕಿಟಕಿ, ಬಾಗಿಲುಗಳನ್ನು ಯಾರಾದರೂ ಕಟ್ಟಿಯಾರು. ನಿಜವಾದ ಕಟ್ಟಡ ಎಂದರೆ ಅದರ ಚಾವಣಿ.

ಒಳಗಿನ ಜಾಗ ಎಷ್ಟು ದೊಡ್ಡದು?

ಕಟ್ಟಡದ ಉದ್ದ ಸುಮಾರು 166 ಮೀಟರ್. ಚಾವಣಿ ಒಂದು ಗೋಡೆಯಿಂದ ಎದುರು ಗೋಡೆಗೆ ಆಸರೆಯಿಲ್ಲದೆ ದಾಟುವ ಅಗಲ 44.86 ಮೀಟರ್, ಅಂದರೆ ಹೆಚ್ಚುಕಡಿಮೆ 147 ಅಡಿ. ರೋಮಿನ ಪ್ಯಾಂಥಿಯನ್ ಗುಮ್ಮಟದ ವ್ಯಾಸ 43.3 ಮೀಟರ್. ಅದು ಕಾಂಕ್ರೀಟಿನ ಗುಮ್ಮಟ, ದಪ್ಪ ಗೋಡೆಗಳ ಮೇಲೆ ಕುಳಿತದ್ದು. ಇದು ಬರಿಯ ಮರದ ಚಾವಣಿ, ಆದರೂ ಅದಕ್ಕಿಂತ ಒಂದೂವರೆ ಮೀಟರ್ ಹೆಚ್ಚು ದಾಟುತ್ತದೆ.

ನೆಲದ ವಿಸ್ತಾರ ಸುಮಾರು 1.8 ಎಕರೆ. ಎರಡು ಸಾವಿರಕ್ಕೂ ಹೆಚ್ಚು ಸೈನಿಕರಿದ್ದ ಒಂದು ಪೂರ್ತಿ ಕಾಲಾಳು ರೆಜಿಮೆಂಟ್ ಒಳಗೇ ಕವಾಯತು ನಡೆಸಬಹುದಿತ್ತು. ಅಂದಿನ ರಷ್ಯನ್ ಸೈನಿಕನ ಅಳತೆಯಲ್ಲೇ ಹೇಳುವುದಾದರೆ, ಅವನ ಹೆಜ್ಜೆ ಒಂದು ಅರ್ಷಿನ್, ಅಂದರೆ 71 ಸೆಂಟಿಮೀಟರ್. ನಿಧಾನ ನಡಿಗೆಯಲ್ಲಿ ನಿಮಿಷಕ್ಕೆ 75 ಹೆಜ್ಜೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 230 ಹೆಜ್ಜೆ, ಮೂರು ನಿಮಿಷದ ನಡಿಗೆ. ಹೊರಗೆ ಹಿಮ ಬೀಳುತ್ತಿರುವಾಗ ಚಾವಣಿಯಡಿಯಲ್ಲಿ ಮೂರು ನಿಮಿಷ ನೇರ ನಡೆಯಬಹುದಾದ ಜಾಗ ಅಂದಿನ ಜಗತ್ತಿನಲ್ಲಿ ಅಪರೂಪ.

ಇದರ ವಿನ್ಯಾಸ ಯಾರದು? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರಲ್ಲ?

ಬೆತಾಂಕುರ್, ಬೊವೆ ಎಂಬ ಎರಡು ಹೆಸರುಗಳು ಕೇಳಿಬರುತ್ತವೆ, ಎರಡೂ ಸರಿಯೇ. ಚಾವಣಿಯ ಮತ್ತು ಕಟ್ಟಡದ ಯೋಜನೆ ಸ್ಪೇನ್ ಮೂಲದ ಎಂಜಿನಿಯರ್ ಅಗುಸ್ತಿನ್ ದೆ ಬೆತಾಂಕುರ್ ಅವರದು. ಸ್ಥಳದಲ್ಲಿ ನಿಂತು ಕಟ್ಟಿಸಿದವರು ಮೇಜರ್ ಜನರಲ್ ಲೆವ್ ಕಾರ್ಬೊನಿಯೆ. ಗೋಡೆಗಳ ಮೇಲಿನ ಗಾರೆಯ ಅಲಂಕಾರವನ್ನು ಏಳೆಂಟು ವರ್ಷಗಳ ನಂತರ ಸೇರಿಸಿದವರು ವಾಸ್ತುಶಿಲ್ಪಿ ಒಸಿಪ್ ಬೊವೆ. ಕಣ್ಣಿಗೆ ಮೊದಲು ಬೀಳುವುದು ಅಲಂಕಾರವಾದ್ದರಿಂದ ಪ್ರವಾಸಿ ಫಲಕಗಳಲ್ಲಿ ಬೊವೆ ಹೆಸರೇ ಮೊದಲು ಬರುವುದುಂಟು. ನನ್ನ ಮಟ್ಟಿಗೆ ಇದು ಬೆತಾಂಕುರ್ ಅವರ ಕಟ್ಟಡ.

ಸ್ಪೇನಿನ ಎಂಜಿನಿಯರ್ ಮಾಸ್ಕೋಗೆ ಬಂದದ್ದು ಹೇಗೆ?

ಬೆತಾಂಕುರ್ ಹುಟ್ಟಿದ್ದು 1758ರಲ್ಲಿ, ಆಫ್ರಿಕಾದ ಕರಾವಳಿಗೆ ಹತ್ತಿರವಿರುವ ಕೆನರಿ ದ್ವೀಪಗಳ ಟೆನೆರಿಫ್‌ನಲ್ಲಿ. ಯಂತ್ರಗಳೆಂದರೆ ಪ್ರಾಣ. 1788ರಲ್ಲಿ ಇಂಗ್ಲೆಂಡಿಗೆ ಹೋದಾಗ ಜೇಮ್ಸ್ ವಾಟ್‌ನ ಹೊಸ ಉಗಿಯಂತ್ರವನ್ನು ತೋರಿಸಲು ಅದರ ಒಡೆಯರು ಒಪ್ಪಲಿಲ್ಲ. ಲಂಡನ್ನಿನ ಹಿಟ್ಟಿನ ಗಿರಣಿಯೊಂದರಲ್ಲಿ ಅಂಥದೊಂದು ಯಂತ್ರ ಓಡುತ್ತಿತ್ತು. ಅದರ ಹೊರಗೆ ಕಾಣುವ ಭಾಗಗಳ ಚಲನೆಯನ್ನಷ್ಟೇ ನೋಡಿ, ಒಳಗೆ ಉಗಿ ಎರಡೂ ಕಡೆಯಿಂದ ತಳ್ಳುತ್ತಿರಬೇಕು ಎಂದು ಅವರು ಊಹಿಸಿಬಿಟ್ಟರು. ಪ್ಯಾರಿಸ್ಸಿಗೆ ಮರಳಿ ಆ ತತ್ವವನ್ನು ವಿವರಿಸಿ ಬರೆದರು. ಮುಚ್ಚಿದ್ದರೊಳಗೆ ಬಲ ಹೇಗೆ ಹರಿಯುತ್ತದೆ ಎಂಬುದನ್ನು ಹೊರಗಿನಿಂದಲೇ ಗ್ರಹಿಸುವ ಈ ಕಣ್ಣು ಮನೇಜ್‌ನ ಚಾವಣಿಯಲ್ಲೂ ಕೆಲಸ ಮಾಡಿದೆ.

ಮ್ಯಾಡ್ರಿಡ್‌ನಲ್ಲಿ ರಸ್ತೆ ಮತ್ತು ಕಾಲುವೆ ಎಂಜಿನಿಯರುಗಳಿಗಾಗಿ ಶಾಲೆ ತೆರೆದವರೂ ಅವರೇ. ಸ್ಪೇನಿನಲ್ಲಿ ರಾಜಕೀಯ ಕೆಟ್ಟಾಗ 1808ರಲ್ಲಿ ರಷ್ಯಾದ ಸೇವೆಗೆ ಸೇರಿದರು. ಮರುವರ್ಷ ಪೀಟರ್ಸ್‌ಬರ್ಗಿನಲ್ಲಿ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಹುಟ್ಟಿತು, ಅದರ ಚುಕ್ಕಾಣಿ ಅವರ ಕೈಯಲ್ಲಿತ್ತು. ಸುಟ್ಟ ಮಾಸ್ಕೋದಲ್ಲಿ ಚಕ್ರವರ್ತಿಗೆ ಕಂಬವಿಲ್ಲದ ಸಭಾಂಗಣ ಬೇಕಾದಾಗ ಕೇಳಬೇಕಾದ ಮನುಷ್ಯ ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಕಂಬವಿಲ್ಲದೆ ಆ ಚಾವಣಿ ನಿಲ್ಲುವುದು ಹೇಗೆ?

ಎರಡು ಇಸ್ಪೀಟು ಎಲೆಗಳನ್ನು ತಲೆ ತಾಗಿಸಿ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಮೇಲಿನಿಂದ ಬೆರಳಿನಲ್ಲಿ ಒತ್ತಿದರೆ ಬುಡ ಎರಡೂ ಕಡೆಗೆ ಜಾರುತ್ತದೆ. ಇಳಿಜಾರು ಚಾವಣಿಯ ಕಷ್ಟ ಇದೇ: ಎರಡು ಓರೆತೊಲೆಗಳು ಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ. 45 ಮೀಟರ್ ಅಗಲದ ಚಾವಣಿ, ಅದರ ಮೇಲೆ ಮಾಸ್ಕೋದ ಹಿಮದ ರಾಶಿ. ಹಾಗೆಯೇ ಬಿಟ್ಟರೆ ಎಂಥ ಗೋಡೆಯೂ ಹೊರಕ್ಕೆ ವಾಲುತ್ತದೆ.

ಈಗ ಆ ಎರಡು ಎಲೆಗಳ ಬುಡವನ್ನು ಒಂದು ದಾರದಿಂದ ಕಟ್ಟಿ. ಜಾರುವುದು ನಿಲ್ಲುತ್ತದೆ. ದಾರದ ಜಾಗದಲ್ಲಿ ಉದ್ದನೆಯ ಅಡ್ಡತೊಲೆಯನ್ನು ಇಟ್ಟರೆ ಅದೇ ಟ್ರಸ್, ಮರದ ತ್ರಿಕೋನ ಚೌಕಟ್ಟು. ಅಡ್ಡತೊಲೆ ಎಳೆತವನ್ನು ನುಂಗಿಕೊಳ್ಳುವುದರಿಂದ ಗೋಡೆಗೆ ತಲುಪುವುದು ನೆಟ್ಟಗೆ ಕೆಳಗಿಳಿಯುವ ಭಾರ ಮಾತ್ರ. ಆದರೆ ಅಷ್ಟು ಉದ್ದದ ಅಡ್ಡತೊಲೆ ತನ್ನ ಭಾರಕ್ಕೇ ನಡುವೆ ಜೋಲುತ್ತದೆ. ಅದಕ್ಕೆ ಮೇಲಿನ ಓರೆತೊಲೆಗಳಿಂದ ನೇತುಗಂಬಗಳನ್ನು ಇಳಿಬಿಟ್ಟು ಅದನ್ನು ಅಲ್ಲಲ್ಲಿ ಎತ್ತಿ ಹಿಡಿಯುತ್ತಾರೆ. ಕಂಬದಂತೆ ಕಂಡರೂ ಇವು ಭಾರ ಹೊರುವುದಿಲ್ಲ. ಬಾವಿಯ ಹಗ್ಗದ ಹಾಗೆ ಕೆಳಗಿನದನ್ನು ಮೇಲಕ್ಕೆ ಎಳೆದು ಹಿಡಿಯುತ್ತವೆ. ಈ ಮಾತು ಮನಸ್ಸಿಗೆ ಹೊಕ್ಕ ಮೇಲೆ ಮರದ ಚಾವಣಿಯನ್ನು ನೋಡುವ ರೀತಿಯೇ ಬದಲಾಗುತ್ತದೆ.

ಇಂಥ 30 ಟ್ರಸ್‌ಗಳನ್ನು ಬೆತಾಂಕುರ್ 166 ಮೀಟರಿನುದ್ದಕ್ಕೂ ಸಾಲಾಗಿ ನಿಲ್ಲಿಸಿದರು. ಒಂದರಿಂದ ಇನ್ನೊಂದಕ್ಕೆ ಐದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ.

45 ಮೀಟರ್ ಉದ್ದದ ಮರ ಎಲ್ಲಿ ಸಿಕ್ಕಿತು?

ಸಿಗಲಿಲ್ಲ, ಸಿಗುವುದೂ ಇಲ್ಲ. ಲಾರ್ಚ್ ಎಂಬ ಗಟ್ಟಿ ಸೂಚಿಪರ್ಣಿ ಮರದ ತುಂಡುಗಳನ್ನು ಒಂದಕ್ಕೊಂದು ಬೆಸೆದು ಉದ್ದ ಮಾಡಬೇಕಿತ್ತು. ಲಾರ್ಚ್ ರಾಳ ತುಂಬಿದ ಮರ, ಬೇಗ ಕೊಳೆಯುವುದಿಲ್ಲ.

ಬಡಗಿ ಕೆಲಸ ಬಲ್ಲವರಿಗೆ ಗೊತ್ತು, ಮರವನ್ನು ಒತ್ತುವುದು ಸುಲಭ, ಎಳೆಯುವುದು ಕಷ್ಟ. ಒತ್ತುವಲ್ಲಿ ಎರಡು ತುಂಡುಗಳ ಮೂತಿ ಮೂತಿಗೆ ತಾಗಿದ್ದರೆ ಸಾಕು. ಎಳೆಯುವಲ್ಲಿ ಕೂಡು ಬಿಟ್ಟುಕೊಳ್ಳಬಾರದು. ಅದಕ್ಕೆ ಎರಡು ತೊಲೆಗಳ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಕಚ್ಚು ಕೊರೆದು, ಒಂದರ ಹಲ್ಲು ಇನ್ನೊಂದರ ತಗ್ಗಿನಲ್ಲಿ ಕೂರುವಂತೆ ಮಾಡಿ, ಮೇಲೆ ಕಬ್ಬಿಣದ ಪಟ್ಟಿ ಸುತ್ತಿ, ಬೋಲ್ಟು ಬಿಗಿಯುತ್ತಾರೆ. ಕಚ್ಚು ಕೂದಲೆಳೆಯಷ್ಟು ಸಡಿಲವಾಗಿದ್ದರೂ ಭಾರ ಬಿದ್ದಾಗ ತೊಲೆ ಅಷ್ಟು ಜರುಗುತ್ತದೆ. ಹತ್ತಾರು ಕೂಡುಗಳ ಸಣ್ಣ ಸಣ್ಣ ಜರುಗುವಿಕೆ ಸೇರಿ ಚಾವಣಿಯ ನಡುವೆ ಕಣ್ಣಿಗೆ ಕಾಣುವ ಜೋಲಾಗುತ್ತದೆ. ದೊಡ್ಡ ಮರದ ಚಾವಣಿಗಳ ಆಯುಷ್ಯ ನಿರ್ಧಾರವಾಗುವುದು ಈ ಕೂಡುಗಳಲ್ಲೇ.

ಕಬ್ಬಿಣದಲ್ಲೇ ಏಕೆ ಮಾಡಲಿಲ್ಲ?

1817ರಲ್ಲಿ ಅಷ್ಟು ಅಗಲಕ್ಕೆ ಕಬ್ಬಿಣದ ಟ್ರಸ್ ಮಾಡುವ ರೂಢಿಯೇ ಇನ್ನೂ ಬೆಳೆದಿರಲಿಲ್ಲ. ಬಡಗಿಗಳು ಊರೂರಿಗೆ ಇದ್ದರು, ಮರ ಅಪಾರವಾಗಿತ್ತು. ಹದಿನೈದು ವರ್ಷಗಳಲ್ಲಿ ಗಾಳಿ ತಿರುಗಿತು: 1832ರಲ್ಲಿ ಮುಗಿದ ಪೀಟರ್ಸ್‌ಬರ್ಗಿನ ಅಲೆಕ್ಸಾಂಡ್ರಿನ್ಸ್ಕಿ ರಂಗಮಂದಿರದ ಚಾವಣಿಯನ್ನು ಕಬ್ಬಿಣದ ಟ್ರಸ್‌ಗಳೇ ಹೊತ್ತಿವೆ.

ಟ್ರಸ್‌ಗಳ ಬಲವನ್ನು ಲೆಕ್ಕ ಹಾಕಿದ್ದು ಹೇಗೆ?

ಇಂದು ಎಂಜಿನಿಯರಿಂಗ್ ವಿದ್ಯಾರ್ಥಿ ಎರಡನೆಯ ವರ್ಷದಲ್ಲಿ ಕಲಿಯುವ ಲೆಕ್ಕ ಅಂದು ಇರಲಿಲ್ಲ. ಟ್ರಸ್ಸಿನ ಪ್ರತಿಯೊಂದು ಸದಸ್ಯದಲ್ಲಿ ಎಷ್ಟು ಬಲವಿದೆ ಎಂದು ಕ್ರಮವಾಗಿ ಕಂಡುಹಿಡಿಯುವ ವಿಧಾನಗಳು ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಬೆತಾಂಕುರ್ ನೆಚ್ಚಿಕೊಂಡದ್ದು ಹಳೆಯ ಚಾವಣಿಗಳ ಅನುಭವವನ್ನು, ಜ್ಯಾಮಿತಿಯನ್ನು, ಯಂತ್ರಗಳಿಂದ ಪಳಗಿದ ತಮ್ಮ ಅಂದಾಜನ್ನು.

ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ತಿರುವು ಇದೆ. 1840ರ ದಶಕದಲ್ಲಿ ಪೀಟರ್ಸ್‌ಬರ್ಗ್–ಮಾಸ್ಕೋ ರೈಲುಮಾರ್ಗದ ಮರದ ಸೇತುವೆಗಳಿಗಾಗಿ ಟ್ರಸ್‌ಗಳ ಲೆಕ್ಕವನ್ನು ಬಿಡಿಸಿದವರಲ್ಲಿ ಮೊದಲಿಗರು ದ್ಮಿತ್ರಿ ಜುರಾವ್‌ಸ್ಕಿ. ಮರದ ತೊಲೆ ಎಳೆಯ ಉದ್ದಕ್ಕೆ ಸೀಳುವುದೇಕೆ ಎಂಬುದನ್ನು ಸೂತ್ರಕ್ಕೆ ಇಳಿಸಿದವರೂ ಅವರೇ. ಅವರು ಓದಿದ್ದು ಬೆತಾಂಕುರ್ ಕಟ್ಟಿ ಬೆಳೆಸಿದ ಅದೇ ಸಂಸ್ಥೆಯಲ್ಲಿ. ಗುರು ಅಂದಾಜಿನಿಂದ ನಿಲ್ಲಿಸಿದ್ದಕ್ಕೆ ಅದೇ ಶಾಲೆಯ ಹುಡುಗ ಒಂದು ತಲೆಮಾರಿನ ನಂತರ ಲೆಕ್ಕ ಒದಗಿಸಿದ.

ಕಟ್ಟಲು ಎಷ್ಟು ಕಾಲ ಹಿಡಿಯಿತು?

ತಿಂಗಳುಗಳ ಲೆಕ್ಕ, ವರ್ಷ ತುಂಬಲಿಲ್ಲ. 1817ರಲ್ಲೇ ಕೆಲಸ ಆರಂಭವಾಗಿ, ಅದೇ ವರ್ಷದ ನವೆಂಬರ್ 30ರಂದು, ಈಗಿನ ಕ್ಯಾಲೆಂಡರಿನಲ್ಲಿ ಡಿಸೆಂಬರ್ 12ರಂದು, ಚಕ್ರವರ್ತಿಯ ಸಮ್ಮುಖದಲ್ಲಿ ಪೆರೇಡಿನೊಂದಿಗೆ ಸಭಾಂಗಣ ತೆರೆದುಕೊಂಡಿತು. ಆಗ ಗೋಡೆಗಳ ಮೇಲೆ ಅಲಂಕಾರವಿರಲಿಲ್ಲ.

ಕಟ್ಟಿದ ಮರುವರ್ಷವೇ ಚಾವಣಿ ಮುರಿಯಿತು ಎನ್ನುತ್ತಾರೆ. ನಿಜವೇ?

ಚಾವಣಿ ಕುಸಿದು ಬೀಳಲಿಲ್ಲ. ಆದರೆ 1818ರ ಬೇಸಿಗೆಯಲ್ಲಿ ಟ್ರಸ್‌ಗಳಲ್ಲಿ ಬಿರುಕು ಕಾಣಿಸಿಕೊಂಡಿತು. ರಿಪೇರಿ ಮಾಡಿದರು. ಸಮಸ್ಯೆ ಮತ್ತೆ ತಲೆಯೆತ್ತಿತು. ಕೊನೆಗೆ 1823–24ರಲ್ಲಿ ಎಂಜಿನಿಯರ್ ಬೌಸಾ ಅವರ ಮೇಲ್ವಿಚಾರಣೆಯಲ್ಲಿ ಚಾವಣಿಯನ್ನು ಬಿಚ್ಚಿ ಮತ್ತೆ ಕಟ್ಟಿ, ಟ್ರಸ್‌ಗಳ ಸಂಖ್ಯೆಯನ್ನು 30ರಿಂದ 45ಕ್ಕೆ ಏರಿಸಿದರು. ಪ್ರತಿ ಟ್ರಸ್ಸಿನ ಪಾಲಿಗೆ ಬರುವ ಹಿಮ ಮತ್ತು ಚಾವಣಿಯ ಭಾರ ಹಳೆಯದರ ಮೂರನೆಯ ಎರಡು ಪಾಲಿಗೆ ಇಳಿಯಿತು.

ಹಾಗಾದರೆ ಬೆತಾಂಕುರ್ ವಿನ್ಯಾಸವೇ ತಪ್ಪಿತ್ತೇ?

ಇದಕ್ಕೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಬಿರುಕು ಬಿಟ್ಟ ಕಾಲವನ್ನು ಗಮನಿಸಿ. ಹಿಮದ ಭಾರ ಹೆಚ್ಚಿರುವುದು ಚಳಿಗಾಲದಲ್ಲಿ, ಚಾವಣಿ ನರಳಿದ್ದು ಮಾತ್ರ ಬೇಸಿಗೆಯಲ್ಲಿ. ತಿಂಗಳುಗಳ ಅವಧಿಯಲ್ಲಿ ಕಡಿದು, ಕೊರೆದು, ಏರಿಸಿದ ಮರ ಚೆನ್ನಾಗಿ ಒಣಗಿರುವುದು ಹೇಗೆ ಸಾಧ್ಯ? ಹಸಿಮರ ಬಿಸಿಲಿಗೆ ಒಣಗುತ್ತ ಹೋದಂತೆ ಅಡ್ಡಕ್ಕೆ ಕುಗ್ಗುತ್ತದೆ, ಸೀಳುತ್ತದೆ. ಬಿಗಿಯಾಗಿದ್ದ ಕಚ್ಚು ಸಡಿಲಗೊಳ್ಳುತ್ತದೆ, ಬೋಲ್ಟಿನ ಸುತ್ತ ಜಾಗ ಬಿಡುತ್ತದೆ. ಬೆತಾಂಕುರ್ ಅವರ ಟ್ರಸ್ಸಿನ ತತ್ವದಲ್ಲಿ ದೋಷ ಇದ್ದಿದ್ದರೆ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಚಾವಣಿ ಸರಿಹೋಗುತ್ತಿರಲಿಲ್ಲ. ಅದಾದ ಮೇಲೆ ಆ ಚಾವಣಿ ನೂರೆಂಬತ್ತು ವರ್ಷ ನಿಂತಿತು.

ಹಾಗೆಂದು ಎಲ್ಲ ಹೊಣೆಯನ್ನೂ ಮರದ ಮೇಲೆ ಹೊರಿಸುವುದೂ ಸರಿಯಲ್ಲ. ಐದು ಮೀಟರಿಗೊಂದರಂತೆ 30 ಟ್ರಸ್ ಎಂಬುದು ಬಹಳ ಧೈರ್ಯದ ಲೆಕ್ಕ. ಸುರಕ್ಷತೆಗೆಂದು ಬಿಡಬೇಕಾದ ಅಂಚನ್ನು ಅವರು ಸಣ್ಣದಾಗಿಟ್ಟಿದ್ದರು, ಅವಸರ ಆ ಅಂಚನ್ನೂ ತಿಂದುಹಾಕಿತು. ಬೆತಾಂಕುರ್ 1824ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಆಸ್ಥಾನದಲ್ಲಿ ಅವರಿಗಿದ್ದ ಮನ್ನಣೆ ಕರಗಿಹೋಗಿತ್ತು. ಆ ವಿಷಯ ಓದುವಾಗಲೆಲ್ಲ ನನಗೆ ನೋವಾಗುತ್ತದೆ.

ಹೊರಗಿನ ಅಲಂಕಾರದಲ್ಲಿ ಏನೇನಿದೆ?

ಬೊವೆ ಅವರು ಬೆಂಕಿಯ ನಂತರ ಮಾಸ್ಕೋಗೆ ಹೊಸ ಮುಖ ಕೊಟ್ಟ ವಾಸ್ತುಶಿಲ್ಪಿ. ಪಕ್ಕದ ಅಲೆಕ್ಸಾಂಡರ್ ಉದ್ಯಾನವೂ ಅವರದೇ. 1825ರ ಹೊತ್ತಿಗೆ ಅವರು ಮನೇಜ್‌ನ ಗೋಡೆಗಳಿಗೆ ಗಾರೆಯ ಅಲಂಕಾರಗಳನ್ನು ಸೇರಿಸಿದರು. ಶಿರಸ್ತ್ರಾಣ, ಕವಚ, ಆಯುಧ, ವಿಜಯಮಾಲೆಗಳು ಗೋಡೆಯ ಮೇಲ್ಭಾಗದ ಪಟ್ಟಿಯಲ್ಲಿವೆ. ಡೋರಿಕ್ ಶೈಲಿಯ ಸರಳ ಕಂಬಗಳು ಸುತ್ತಲೂ ಸಾಲಾಗಿವೆ, ನಡುನಡುವೆ ಕಮಾನಿನ ದೊಡ್ಡ ಕಿಟಕಿಗಳಿವೆ. ಒಳಗೆ ಬೇಡವಾದ ಕಂಬಗಳೆಲ್ಲ ಹೊರಗೋಡೆಗೆ ಬಂದು ನಿಂತಿವೆ ಎಂದು ಅನ್ನಿಸುತ್ತದೆ.

ಅಟ್ಟದಲ್ಲಿ ತಂಬಾಕು ಹರಡಿದ್ದರಂತೆ, ಹೌದೇ?

ಮರಕ್ಕೆ ಹುಳ ಹಿಡಿಯದಿರಲಿ ಎಂದು ಅಟ್ಟದ ತುಂಬ ನಾಟಿ ತಂಬಾಕು ಸುರಿದಿದ್ದರು ಎಂಬ ಮಾತು ಮಾಸ್ಕೋದಲ್ಲಿ ಬಹುಕಾಲದಿಂದ ಪ್ರಚಲಿತದಲ್ಲಿದೆ. ತಂಬಾಕಿನ ಘಾಟಿಗೆ ಹುಳ ದೂರವಿರುತ್ತದೆ ಎಂಬ ತಿಳಿವಳಿಕೆ ನಮ್ಮ ರೈತರಲ್ಲೂ ಇದೆ, ತಂಬಾಕಿನ ಕಷಾಯವನ್ನು ಬೆಳೆಗೆ ಸಿಂಪಡಿಸುವುದುಂಟು. ಹಾಗಾಗಿ ಈ ಕಥೆ ಕೇಳಿದಾಗ ನನಗೆ ವಿಚಿತ್ರವೆನಿಸಲಿಲ್ಲ.

ಕವಾಯತು ನಿಂತ ಮೇಲೆ ಅಲ್ಲಿ ಏನು ನಡೆಯಿತು?

ಕವಾಯತು ನಡೆಯುತ್ತಿದ್ದ ಕಾಲದಲ್ಲೇ ಬೇರೆ ಕಾರ್ಯಕ್ರಮಗಳೂ ಸೇರಿಕೊಂಡವು. 1867ರಲ್ಲಿ ರಷ್ಯಾದ ನಾನಾ ಜನಾಂಗಗಳ ಉಡುಗೆತೊಡುಗೆ, ಬದುಕನ್ನು ತೋರಿಸುವ ದೊಡ್ಡ ಪ್ರದರ್ಶನ ನಡೆಯಿತು. 1868ರ ಜನವರಿಯಲ್ಲಿ ಫ್ರಾನ್ಸಿನ ಸಂಗೀತ ಸಂಯೋಜಕ ಬೆರ್ಲಿಯೋಜ್ ಇಲ್ಲಿ ನೂರಾರು ಗಾಯಕರು, ವಾದಕರನ್ನು ಮುನ್ನಡೆಸಿದರು. ಕೇಳುಗರು ಹತ್ತು ಸಾವಿರಕ್ಕೂ ಹೆಚ್ಚು. ಸಾಲು ಮುರಿಯದಿರಲೆಂದು ಬಿಟ್ಟ ಜಾಗ ಹತ್ತು ಸಾವಿರ ಜನ ಒಟ್ಟಿಗೆ ಸಂಗೀತ ಕೇಳುವ ಜಾಗವಾಯಿತು.

1917ರ ಕ್ರಾಂತಿಯ ನಂತರ ಸರ್ಕಾರದ ಮೋಟಾರುಗಳ ಗ್ಯಾರೇಜಾಯಿತು. ಕಾರುಗಳನ್ನು ತಿರುಗಿಸುವುದಕ್ಕೂ ಕಂಬವಿಲ್ಲದ ನೆಲವೇ ಅನುಕೂಲ. 1957ರಲ್ಲಿ ಕೇಂದ್ರ ಪ್ರದರ್ಶನ ಭವನವಾಯಿತು.

ಕ್ರುಶ್ಚೇವ್ ಕಲಾವಿದರನ್ನು ಬೈದದ್ದು ಇಲ್ಲಿಯೇ?

ಹೌದು. 1962ರ ಡಿಸೆಂಬರ್ 1ರಂದು, ಮಾಸ್ಕೋ ಕಲಾವಿದರ ಸಂಘದ ಪ್ರದರ್ಶನಕ್ಕೆ ಬಂದಿದ್ದ ಸೋವಿಯತ್ ನಾಯಕ ಕ್ರುಶ್ಚೇವ್ ಹೊಸ ಬಗೆಯ ಚಿತ್ರಗಳನ್ನು ಕಂಡು ಕೆಂಡಾಮಂಡಲವಾದರು. ಶಿಲ್ಪಿ ಎರ್ನ್ಸ್ಟ್ ನೇಯಿಜ್ವೆಸ್ತ್ನಿ ಎದುರು ನಿಂತು ವಾದಿಸಿದರು. ಮುಂದೆ ಕ್ರುಶ್ಚೇವ್ ಸಮಾಧಿಯ ಮೇಲಿನ ಕಪ್ಪು-ಬಿಳಿ ಸ್ಮಾರಕವನ್ನು ರೂಪಿಸಿದ್ದೂ ಇದೇ ನೇಯಿಜ್ವೆಸ್ತ್ನಿ. ಕಟ್ಟಡದ ನಿರ್ಮಾಣಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಮನೇಜ್ ಎಂದರೆ ಹಲವರಿಗೆ ನೆನಪಾಗುವುದು ಈ ಘಟನೆಯೇ.

2004ರ ಬೆಂಕಿಯಲ್ಲಿ ಏನೆಲ್ಲ ಹೋಯಿತು?

ಮಾರ್ಚ್ 14, ರಷ್ಯಾದಲ್ಲಿ ಅಧ್ಯಕ್ಷೀಯ ಚುನಾವಣೆಯ ದಿನ. ಮತದಾನ ಮುಗಿದ ರಾತ್ರಿ ಮನೇಜ್‌ನ ಚಾವಣಿಗೆ ಬೆಂಕಿ ಹತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಚಾವಣಿ ಪೂರ್ತಿಯಾಗಿ ಉರಿದು ಕೆಳಗೆ ಬಿತ್ತು, ಗೋಡೆಗಳು ಉಳಿದವು.

ಇಂಥ ಅಟ್ಟಕ್ಕೆ ಬೆಂಕಿ ಬಿದ್ದರೆ ಆರಿಸುವುದು ಎಷ್ಟು ಕಷ್ಟ ಎಂಬುದನ್ನು ಯೋಚಿಸಿ. 166 ಮೀಟರ್ ಉದ್ದದ ಅಟ್ಟ, ಸುಮಾರು ಎರಡು ಶತಮಾನ ಒಣಗಿದ ರಾಳದ ಮರ, ಟ್ರಸ್ಸಿನಿಂದ ಟ್ರಸ್ಸಿಗೆ ಗಾಳಿ ಹಾಯಲು ಬೇಕಾದಷ್ಟು ಜಾಗ. ತೊಲೆ ಅರ್ಧ ಸುಡುವುದಕ್ಕೂ ಮೊದಲೇ ಕೂಡುಗಳ ಕಬ್ಬಿಣ ಕಾದು ಸುತ್ತಲಿನ ಮರವನ್ನು ಕರಿಕಲು ಮಾಡುತ್ತದೆ, ಕಚ್ಚು ಬಿಡುತ್ತದೆ, ಇಡೀ ಟ್ರಸ್ ಒಮ್ಮೆಗೇ ಮಡಚಿಕೊಳ್ಳುತ್ತದೆ.

ಈಗ ಕಾಣುವ ಚಾವಣಿ ಹಳೆಯದರ ನಕಲೇ?

ಆಕಾರದಲ್ಲಿ ಹೌದು, ತಯಾರಿಕೆಯಲ್ಲಿ ಅಲ್ಲ. ಸುಮಾರು ಒಂದು ವರ್ಷದಲ್ಲಿ ಕಟ್ಟಿ, 2005ರ ಏಪ್ರಿಲ್‌ನಲ್ಲಿ ಮತ್ತೆ ತೆರೆದರು. ವಾಸ್ತುಶಿಲ್ಪಿ ಪಾವೆಲ್ ಆಂದ್ರೇಯೆವ್. ಹೊಸ ಟ್ರಸ್‌ಗಳು ತೆಳುಹಲಗೆಗಳನ್ನು ಅಂಟಿನಿಂದ ಪದರಪದರವಾಗಿ ಬೆಸೆದ ಮರದವು. ಹೀಗೆ ಬೆಸೆದ ತೊಲೆಗೆ ಹಲಗೆಗಳನ್ನು ಮೊದಲೇ ಒಣಗಿಸಿರುತ್ತಾರೆ, ಅದು ಹಸಿಮರದಂತೆ ಕುಗ್ಗುವುದಿಲ್ಲ. 1818ರ ಬಿರುಕಿಗೆ ಸಿಕ್ಕ ತಡವಾದ ಉತ್ತರ ಎನ್ನಬಹುದು. ನೆಲದಡಿಯಲ್ಲಿ ಹೊಸ ಮಹಡಿಯನ್ನೂ ತೋಡಿದರು.

ಪರಂಪರೆಯ ಕಟ್ಟಡಗಳ ಕಾಳಜಿ ಇರುವವರು ಇದನ್ನು ಟೀಕಿಸಿದರು. ಅವರ ಮಾತಿಗೆ ನನ್ನ ಒಪ್ಪಿಗೆ ಇದೆ. ಹಳೆಯ ಗೋಡೆಗಳನ್ನು ನಿಲ್ಲಿಸಿಕೊಂಡು ಅಡಿಪಾಯದ ಬಳಿಯಲ್ಲೇ ಅಗೆಯುವುದು ಸ್ಮಾರಕವೊಂದರ ವಿಷಯದಲ್ಲಿ ಎತ್ತಬೇಕಾದ ಹೆಜ್ಜೆಯಲ್ಲ. ಸುಟ್ಟುಹೋದ ಚಾವಣಿಯ ಒಂದೊಂದು ಕೂಡಿನಲ್ಲೂ 1824ರ ಬಡಗಿಗಳ ಉಳಿಯ ಗುರುತಿತ್ತು. ಅದು ಮರಳಿ ಬರುವುದಿಲ್ಲ. ಆದರೆ ಹೊಸ ಟ್ರಸ್‌ಗಳನ್ನು ಮುಚ್ಚದೆ ತೆರೆದಿಟ್ಟದ್ದಕ್ಕೆ ನಾನು ಕೃತಜ್ಞ. ಪ್ರೇಕ್ಷಕ ಇಂದು ತಲೆಯೆತ್ತಿದರೆ ಬೆತಾಂಕುರ್ ಮನಸ್ಸಿನಲ್ಲಿದ್ದ ಆಕಾರ ಕಾಣುತ್ತದೆ.

ನೋಡಲು ಹೋದರೆ ಏನನ್ನು ಗಮನಿಸಬೇಕು?

ಪ್ರದರ್ಶನಗಳಿದ್ದಾಗ ಟಿಕೆಟ್ ಪಡೆದು ಒಳಗೆ ಹೋಗಬಹುದು. ಅಖೋತ್ನಿ ರ್ಯಾದ್ ಅಥವಾ ಅಲೆಕ್ಸಾಂದ್ರೊವ್ಸ್ಕಿ ಸಾದ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡಿಗೆಯ ದೂರ. ಪ್ರದರ್ಶನದ ತಾತ್ಕಾಲಿಕ ಗೋಡೆಗಳು ನೆಲವನ್ನು ಹೋಳು ಮಾಡಿರುತ್ತವೆ, ಆದ್ದರಿಂದ ಮೊದಲು ಮೇಲೆ ನೋಡಿ. ಒಂದು ಟ್ರಸ್ಸನ್ನು ಆರಿಸಿಕೊಂಡು, ಯಾವ ತೊಲೆ ಒತ್ತುತ್ತಿದೆ, ಯಾವುದು ಎಳೆಯುತ್ತಿದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ನೇತುಗಂಬಗಳ ಬುಡದಲ್ಲಿ ಅಡ್ಡತೊಲೆ ತೂಗುತ್ತಿರುವುದನ್ನು ನೋಡಿ. ಆಮೇಲೆ ಒಂದು ತುದಿಯ ಬಾಗಿಲಿಗೆ ಬೆನ್ನು ಮಾಡಿ, ದಾರಿ ತೆರವಿದ್ದರೆ, ಹೆಜ್ಜೆ ಎಣಿಸುತ್ತ ಎದುರು ತುದಿಗೆ ನಡೆಯಿರಿ. 230ರ ಆಸುಪಾಸಿಗೆ ಗೋಡೆ ಸಿಗಬೇಕು.